ನೀಲಿಪಟ್ಟೆ ಜೇನಿನ ಫೋಟೊ ಒಂದೂ ಚೂಪಾಗಿ ಬರುತ್ತಿಲ್ಲ, ಏನು ಮಾಡಲಿ?

ತುಂಬೆಗಿಡ, ಗುಬ್ಬಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

ನಮ್ಮ ಮನೆ ಹಿಂದೆ ಹಳೇ ದನದ ಕೊಟ್ಟಿಗೆ ಇದೆ. ಮಣ್ಣಿನ ಗೋಡೆ. ಈಗ ದನ ಇಲ್ಲ, ಸೌದೆ ಒಟ್ಟಿದ್ದೇವೆ. ಪಕ್ಕದ ಖಾಲಿ ಜಾಗದಲ್ಲಿ ತುಂಬೆ ಗಿಡ ಮೊಣಕಾಲುದ್ದ ಬೆಳೆದು ಹೂ ಬಿಟ್ಟಿದೆ. ಅಲ್ಲಿಗೆ ದಿನಾ ಬೆಳಿಗ್ಗೆ ಒಂಬತ್ತು ಗಂಟೆ ಹೊತ್ತಿಗೆ ಒಂದು ಜೇನು ಬರುತ್ತದೆ. ತುಡುವೆಗಿಂತ ದಪ್ಪ. ಎದೆ ಮೇಲೆ ಕಂದು ರೋಮ, ಹೊಟ್ಟೆ ಕರ್ರಗೆ, ಅದರ ಸುತ್ತ ನೀಲಿ ಪಟ್ಟೆ. ಬಿಸಿಲು ಬಿದ್ದರೆ ಆ ನೀಲಿ ರೇಷ್ಮೆ ಸೀರೆ ಅಂಚಿನ ಹಾಗೆ ಮಿರಮಿರ ಅನ್ನುತ್ತದೆ. ಗುಂಪಾಗಿ ಬರುವುದಿಲ್ಲ, ಒಂದೊಂದೇ. ಗುಂಯ್ ಅಂತ ಜೋರು ಸದ್ದು, ಹೂವಿನ ಹತ್ತಿರ ಒಂದು ಗಳಿಗೆ, ಆಮೇಲೆ ಮಾಯ. ಕೇಳಿ ತಿಳಿದ ಮೇಲೆ ಇದು ನೀಲಿಪಟ್ಟೆ ಜೇನು, ಒಂಟಿ ಜೇನುಗಳಲ್ಲಿ ಒಂದು ಅಂತ ಗೊತ್ತಾಯಿತು.

ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಸಣ್ಣದು. ಮದುವೆ ಫೋಟೊ ತೆಗೆಯುವವರೊಬ್ಬರಿಂದ ಕೊಂಡಿದ್ದು, ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ 90 ಮಿ.ಮೀ. ಮ್ಯಾಕ್ರೊ ಲೆನ್ಸ್ ಜೊತೆಗೇ ಬಂತು. ಮೂರು ಭಾನುವಾರ ಕೂತು 412 ಫೋಟೊ ತೆಗೆದೆ. ಕೆಲವದರಲ್ಲಿ ರೆಕ್ಕೆ ಮಾತ್ರ ಇದೆ, ಕೆಲವದರಲ್ಲಿ ಬರೀ ಹೂವು, ಮಿಕ್ಕಿದ್ದೆಲ್ಲ ನೀಲಿ ಮಬ್ಬು. ಅಜ್ಜಿ ಬೇರೆ ಜಗುಲಿ ಮೇಲೆ ಕೂತು "ಒಂದು ಹುಳ ಹಿಡಿಯೋಕೆ ಇಷ್ಟು ಹೊತ್ತೇನೋ" ಅಂತ ನಗುತ್ತಾರೆ.

ಇನ್ನೊಂದು ತಾಪತ್ರಯ ಇದೆ. ಕೊಟ್ಟಿಗೆ ಗೋಡೆಯ ಬುಡದಲ್ಲಿ ಪೆನ್ಸಿಲ್ ತೂರುವಷ್ಟು ತೂತುಗಳಿವೆ. ಇದೇ ಜೇನು ಅದರೊಳಗೆ ಹೋಗಿದ್ದನ್ನು ನೋಡಿದೆ. ದೀಪಾವಳಿಗೆ ಅಜ್ಜಿ ಗೋಡೆಗೆ ಮಣ್ಣು ಮೆತ್ತಿ ಸಾರಿಸುತ್ತಾರೆ, ಪ್ರತಿ ವರ್ಷದ ಕೆಲಸ. ಇನ್ನು ಹದಿನೆಂಟು ದಿನ. ಅಷ್ಟರೊಳಗೆ ಒಂದಾದರೂ ಸರಿಯಾದ ಫೋಟೊ ಬೇಕು.

ಬೆಟ್ಟದಬುಡ, ತುಮಕೂರು

412ಕ್ಕೇ ಬೇಜಾರಾದರೆ ಹೇಗೆ ಗುರು. ದೇವರಾಯನದುರ್ಗದ ರಸ್ತೆಯಲ್ಲಿ ಹೊಂಗೆ ಹೂ ಬಿಟ್ಟಾಗ ನಾನು ಒಂದು ಇಡೀ ಬೇಸಿಗೆ ದುಂಬಿ ಹಿಂದೆ ಬಿದ್ದು ಕಾರ್ಡ್ ತುಂಬಿಸಿ ತುಂಬಿಸಿ ಅಳಿಸಿದ್ದೇನೆ.

ಸೆಟಿಂಗ್ ಹೇಳಿ ಮೊದಲು. ಅಪರ್ಚರ್, ಅಂದರೆ ಲೆನ್ಸಿನ ಕಂಡಿ, ಎಷ್ಟಕ್ಕೆ ಇಟ್ಟಿದ್ದೀರಿ? ಆಟೊ ಫೋಕಸ್ ಹಾಕಿದ್ದೀರಾ?

ತುಂಬೆಗಿಡ

ಎಫ್ 2.8. ಆಟೊ ಫೋಕಸ್ಸೇ. ಹಿಂದಿನದೆಲ್ಲ ಮಸುಕಾಗಿ ಚೆನ್ನಾಗಿ ಕಾಣುತ್ತದೆ ಅಂತ ಹಾಗಿಟ್ಟೆ.

ಬೆಟ್ಟದಬುಡ

ಎಡವಟ್ಟು ಅಲ್ಲೇ ಆಗಿರೋದು. ಮದುವೆ ಹುಡುಗಿ ಫೋಟೊಗೆ ಎಫ್ 2.8 ಸರಿ, ಹನ್ನೆರಡು ಮಿಲಿಮೀಟರ್ ಹುಳಕ್ಕೆ ಅಲ್ಲ. ಇಷ್ಟು ಹತ್ತಿರ ಹೋದಾಗ ಚೂಪಾಗಿ ಬರುವ ಪದರ ಎಷ್ಟು ತೆಳ್ಳಗೆ ಗೊತ್ತಾ? ನಿಮ್ಮ ಸೆನ್ಸರಿಗೆ 1:1ರಲ್ಲಿ, ಅಂದರೆ ಹುಳ ಸೆನ್ಸರಿನ ಮೇಲೆ ನಿಜ ಸೈಜಿನಲ್ಲೇ ಬೀಳುವಷ್ಟು ಹತ್ತಿರದಲ್ಲಿ, ಎಫ್ 2.8 ಇಟ್ಟರೆ ಕಾಲು ಮಿಲಿಮೀಟರ್ ಕೂಡ ಇಲ್ಲ. ಎಫ್ 11 ಇಟ್ಟರೆ (ಅಂಕಿ ದೊಡ್ಡದಾದಷ್ಟೂ ಕಂಡಿ ಕಿರಿದು) ಒಂದು ಮಿಲಿಮೀಟರ್ ಆಸುಪಾಸು, ಅಂದರೆ ಒಂದು ರಾಗಿ ಕಾಳಿನ ದಪ್ಪ. ಆ ರಾಗಿ ಕಾಳಿನೊಳಗೆ ಜೇನಿನ ಕಣ್ಣು ಬೀಳಬೇಕು. ಬೆನ್ನು, ರೆಕ್ಕೆ, ಹಿಂಗಾಲು ಹೋದರೆ ಹೋಗಲಿ ಬಿಡಿ, ಕಣ್ಣು ಹೋದರೆ ಮಾತ್ರ ಫೋಟೊ ಸತ್ತ ಹಾಗೆ.

ಹಾಗಂತ ಎಫ್ 22ಕ್ಕೆ ಹೋಗಬೇಡಿ. 1:1ರಲ್ಲಿ ಎಫ್ 11 ಅಂದರೆ ಆಗಲೇ ಎಫ್ 22ರ ಹಾಗೆ ಕೆಲಸ ಮಾಡುತ್ತಿರುತ್ತದೆ. ಅದಕ್ಕಿಂತ ಕಿರಿದು ಮಾಡಿದರೆ ಇಡೀ ಚಿತ್ರ ಮೆತ್ತಗಾಗುತ್ತದೆ. ಇನ್ನೊಂದು ಉಪಾಯ ಇದೆ, ಇದನ್ನು ಯಾರೂ ಹೊಸಬರಿಗೆ ಹೇಳುವುದಿಲ್ಲ. 1:1ಕ್ಕೇ ಹೋಗಬೇಡಿ. ಲೆನ್ಸಿನ ಮೇಲೆ 1:2 ಅಂತ ಗುರುತು ಇರುತ್ತದಲ್ಲ, ಅಲ್ಲಿಗೆ ನಿಲ್ಲಿಸಿ. ಹುಳ ಅರ್ಧ ಸೈಜಿಗೆ ಬರುತ್ತದೆ, ಆದರೆ ಚೂಪು ಪದರ ಸುಮಾರು ಮೂರು ಪಟ್ಟು ಜಾಸ್ತಿ ಸಿಗುತ್ತದೆ. ಆಮೇಲೆ ಕತ್ತರಿಸಿಕೊಂಡರೆ ಆಯಿತು.

ಆಟೊ ಫೋಕಸ್ ಆರಿಸಿ. ಉಂಗುರ 1:2ಕ್ಕೆ ತಿರುಗಿಸಿ ಬಿಟ್ಟುಬಿಡಿ, ಮತ್ತೆ ಮುಟ್ಟಬೇಡಿ. ಫೋಕಸ್ ಮಾಡುವುದು ನಿಮ್ಮ ಸೊಂಟ. ನಿಧಾನಕ್ಕೆ ಮುಂದಕ್ಕೆ ವಾಲಿ, ಕಣ್ಣು ಚೂಪಾದ ಕ್ಷಣ ಒತ್ತಿ.

ಹಿಂದೆ ಓಡುವುದನ್ನು ನಿಲ್ಲಿಸಿ. ಒಂದು ಒಳ್ಳೇ ತುಂಬೆ ಗೊಂಚಲು ಆರಿಸಿಕೊಂಡು ಅದರ ಮುಂದೆ ಕೂತುಬಿಡಿ. ಜೇನು ಒಂದೇ ದಾರಿಯಲ್ಲಿ ಸುತ್ತು ಹೊಡೆಯುತ್ತದೆ, ಹಾಲು ಹಾಕುವವನು ಮನೆ ಮನೆಗೆ ಹೋದ ಹಾಗೆ. ಹೋಗಿದ್ದು ಮತ್ತೆ ಅಲ್ಲಿಗೇ ಬರುತ್ತದೆ. ಹೂವಿಗೆ ಇಳಿಯುವ ಮುಂಚೆ ಗಾಳಿಯಲ್ಲೇ ನಾಲಗೆ ಚಾಚಿಕೊಂಡು ಬರುತ್ತದೆ, ಸೂಜಿ ಹಿಡಿದುಕೊಂಡು ಬಂದ ಹಾಗೆ. ಆ ನಾಲಗೆ ಕಂಡ ಕೂಡಲೇ ಒತ್ತಿ.

ಫುಲ್‌ಫ್ರೇಮ್, ಬೆಂಗಳೂರು (ಹುಟ್ಟೂರು ಕೋಲಾರ)

ಸುಮ್ನೆ ಕಷ್ಟಪಡುತ್ತಿದ್ದೀರಿ. ದೊಡ್ಡ ಸೆನ್ಸರ್, ಎರಡು ತಲೆ ಇರುವ ಫ್ಲ್ಯಾಶ್, ಕ್ಯಾಮೆರಾವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವ ಫೋಕಸ್ ರೈಲು, ಇಷ್ಟು ಇದ್ದರೆ ಮುಗಿಯಿತು. ಅಷ್ಟು ದುಡ್ಡಿಲ್ಲ ಅಂದರೆ ಇನ್ನೊಂದು ದಾರಿ. ಜೇನನ್ನು ಡಬ್ಬಿಯಲ್ಲಿ ಹಿಡಿದು ಫ್ರಿಜ್ಜಿನಲ್ಲಿ ಐದು ಹತ್ತು ನಿಮಿಷ ಇಡಿ. ಅಲ್ಲಾಡುವುದಿಲ್ಲ. ಹೂವಿನ ಮೇಲೆ ಕೂರಿಸಿ ಫೋಕಸ್ ಸರಿಸುತ್ತಾ ಮೂವತ್ತು ಫ್ರೇಮ್ ತೆಗೆದು, ಚೂಪಾದ ಭಾಗಗಳನ್ನೆಲ್ಲ ಒಂದೇ ಚಿತ್ರವಾಗಿ ಜೋಡಿಸಿ. ನೆಟ್‌ನಲ್ಲಿ ನೋಡುವ ಎಷ್ಟೋ ಫೋಟೊ ಹಾಗೇ ತೆಗೆದಿರೋದು.

ಹುಳದಕ್ಕ, ಚಿಂತಾಮಣಿ

ಫ್ರಿಜ್ಜಿನ ಮಾತು ದಯವಿಟ್ಟು ಬೇಡ.

ಒಂಟಿ ಜೇನಿಗೆ ಹಿಂದೆ ಮುಂದೆ ಯಾರೂ ಇರುವುದಿಲ್ಲ. ತುಡುವೆ ಗೂಡಲ್ಲಿ ಸಾವಿರಾರು ಕೆಲಸದ ಜೇನು ಇರುತ್ತವೆ, ಒಂದು ಹೋದರೆ ಇನ್ನೊಂದು ಆ ಕೆಲಸ ಮಾಡುತ್ತದೆ. ಇಲ್ಲಿ ಹಾಗಲ್ಲ. ಒಂದು ಹೆಣ್ಣು ತಾನೇ ಮಣ್ಣು ಕೊರೆದು, ತಾನೇ ಪರಾಗ ತಂದು, ಉಂಡೆ ಮಾಡಿ, ಮೊಟ್ಟೆ ಇಟ್ಟು, ಬಾಯಿ ಮುಚ್ಚುತ್ತದೆ. ಕೆಲವೇ ವಾರದ ಬದುಕು ಅದರದು. ಹಿಡಿದು ಚಳಿಗೆ ಇಟ್ಟು ಬಿಟ್ಟರೆ ಬದುಕಬಹುದು, ಆದರೆ ಆ ಹೊತ್ತಿನಲ್ಲಿ ಗೂಡಿನ ಬಾಯಿ ತೆರೆದೇ ಇರುತ್ತದೆ, ಇರುವೆ ನುಗ್ಗುತ್ತವೆ. ಮರಗಟ್ಟಿದ ಜೇನು ನೆಲಕ್ಕೆ ಬಿದ್ದರೂ ಅಷ್ಟೇ. ಜೊತೆಗೆ ಅಂಥ ಫೋಟೊ ನೋಡಿದ ಕೂಡಲೇ ಗೊತ್ತಾಗುತ್ತದೆ. ಕಾಲು ಮುದುಡಿಕೊಂಡಿರುತ್ತವೆ, ಮೀಸೆ ಜೋತು ಬಿದ್ದಿರುತ್ತದೆ. ಜೀವಂತ ಜೇನು ಹೂವಿನ ಮೇಲೆ ಹಾಗೆ ಕೂರುವುದೇ ಇಲ್ಲ.

ತುಂಬೆಗಿಡ ಅವರೇ, ನಿಮ್ಮದು ಅಮೆಗಿಲ್ಲಾ ಕುಲದ್ದು. ಅಮೆಗಿಲ್ಲಾ ಜೊನಾಟಾ ಅಂತ, ವಿಜ್ಞಾನಿ ಲಿನ್ನೇಯಸ್ 1758ರಲ್ಲೇ ಹೆಸರಿಸಿದ ಜಾತಿ ಇದೆ, ಆದರೆ ನೋಡಲು ಅದೇ ತರ ಇರುವ ಅಣ್ಣತಮ್ಮಂದಿರು ಹಲವು. ಫೋಟೊ ನೋಡಿ ಅಮೆಗಿಲ್ಲಾ ಅಂತ ಹೇಳಿ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಪ್ರಪಂಚದಲ್ಲಿ ಗೊತ್ತಿರುವ ಜೇನು ಜಾತಿಗಳೇ 20,000ಕ್ಕೂ ಜಾಸ್ತಿ, ಅದರಲ್ಲಿ ಬಹುಪಾಲು ಒಂಟಿ ಜೇನುಗಳು. ನಮಗೆ ಗೊತ್ತಿರುವ ತುಡುವೆ, ಹೆಜ್ಜೇನು, ಕೋಲುಜೇನು, ನಸರಿ ಹಾಗೆ ಗುಂಪಾಗಿ ಬದುಕುವ ಜಾತಿಗಳೇ ಅಪರೂಪ ಅನ್ನಬೇಕು.

ಈಗ ನಿಮಗೆ ಬೇಕಾದ ಮಾತು. ಫ್ರಿಜ್ಜು ಮಾಡುವ ಕೆಲಸವನ್ನು ಈಗಿನ ರಾತ್ರಿ ಚಳಿ ಪುಕ್ಕಟೆ ಮಾಡಿಕೊಡುತ್ತದೆ. ಹೆಣ್ಣು ರಾತ್ರಿ ಗೋಡೆಯ ಬಿಲದೊಳಗೆ ಮಲಗುತ್ತದೆ. ಗಂಡಿಗೆ ಮನೆ ಇಲ್ಲ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಯಾವುದಾದರೂ ಒಣ ಕಡ್ಡಿ ಹುಡುಕಿಕೊಂಡು ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಹಾಗೇ ನಿದ್ದೆ ಮಾಡುತ್ತದೆ. ಒಂದೇ ಕಡ್ಡಿಯಲ್ಲಿ ಐದಾರು ಸಾಲಾಗಿ ಸಿಗುವುದೂ ಉಂಟು. ಮರುದಿನ ಬಿಸಿಲು ತಾಗಿ ಮೈ ಕಾಯುವವರೆಗೂ ಏಳುವುದಿಲ್ಲ. ಸಾಮಾನ್ಯವಾಗಿ ಮತ್ತೆ ಸಂಜೆ ಅದೇ ಕಡ್ಡಿಗೆ ಬರುತ್ತವೆ. ಹೂವಿನ ಹತ್ತಿರ ಬಿಡಿ, ಸಂಜೆ ಐದೂವರೆಯಿಂದ ಗೋಡೆ ಸುತ್ತಮುತ್ತ ಕಡ್ಡಿ ನೋಡಿ.

ಮೊಬೈಲೇಸಾಕು, ಗೌರಿಬಿದನೂರು

ಅಕ್ಕ ಹೇಳಿದ್ದು ನಿಜ, ನಾನು ನೋಡಿದ್ದೇನೆ. ನಮ್ಮ ಹೊಲದ ಬದುವಿನಲ್ಲಿ ಒಣಗಿದ ಹುಲ್ಲಿನ ಕಡ್ಡಿಗೆ ಮೂರು ನೇತಾಡುತ್ತಿದ್ದವು. ಮೊದಲು ಸತ್ತಿವೆ ಅಂದುಕೊಂಡೆ. ಬೆರಳು ಹತ್ತಿರ ತಂದರೆ ಒಂದು ಕಾಲು ಮೇಲೆತ್ತಿತು, "ಹೋಗಯ್ಯ ಆ ಕಡೆ" ಅನ್ನುವ ಹಾಗೆ.

ನನ್ನ ಹತ್ತಿರ ಕ್ಯಾಮೆರಾ ಇಲ್ಲ. ಫೋನಿಗೆ ಸಿಕ್ಕಿಸುವ ಸಣ್ಣ ಮ್ಯಾಕ್ರೊ ಲೆನ್ಸ್ ಇದೆ. ಮಲಗಿರುವ ಜೇನಿಗೆ ಅದು ಧಾರಾಳ ಸಾಕು. ಹಾರುವುದಕ್ಕೆ ಆಗುವುದಿಲ್ಲ, ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗಬೇಕು, ಅಷ್ಟರಲ್ಲಿ ಅದು ಪಕ್ಕದ ಊರಲ್ಲಿರುತ್ತದೆ.

ಅಂದ ಹಾಗೆ ಇದು ಬೇರೆ ವಿಷಯ. ನಮ್ಮ ಡ್ರಿಪ್ ಪೈಪಿನ ತುಂಡುಗಳನ್ನು ಪಂಪ್ ಮನೆ ಗೋಡೆಗೆ ಕಟ್ಟಿಹಾಕಿದ್ದೆ. ಒಂದು ಜೇನು ಗುಲಾಬಿ ಎಲೆಯನ್ನು ನಾಣ್ಯದ ಹಾಗೆ ಗುಂಡಗೆ ಕತ್ತರಿಸಿ, ಹೊಟ್ಟೆ ಕೆಳಗೆ ಕಾಲಲ್ಲಿ ಹಿಡಿದುಕೊಂಡು ಹಸಿರು ಚಾಪೆ ಮೇಲೆ ಹಾರಿ ಬಂದ ಹಾಗೆ ಬಂದು ಪೈಪಿನೊಳಗೆ ನುಗ್ಗುತ್ತದೆ. ಹೆಂಡತಿ ಗುಲಾಬಿಗೆ ರೋಗ ಬಂದಿದೆ ಅಂತ ಔಷಧಿ ತರಲು ಹೇಳಿದ್ದಳು. ಈಗ ಕಳ್ಳ ಸಿಕ್ಕ.

ಹುಳದಕ್ಕ

ಅದು ಎಲೆ ಕತ್ತರಿಸುವ ಜೇನು, ಮೆಗಾಕೈಲ್. ಔಷಧಿ ತರಬೇಡಿ! ಗುಲಾಬಿಗೆ ಏನೂ ಆಗುವುದಿಲ್ಲ. ನಿಮ್ಮ ಹೊಲದಲ್ಲಿ ಅಕ್ಕಡಿ ಸಾಲಿಗೆ ತೊಗರಿ ಹಾಕಿದ್ದರೆ ಅದರ ಹೂವಿಗೆ ಬರುವುದೂ ಇವೇ. ತೊಗರಿ ಹೂವಿನ ಕೆಳಗಿನ ದಳವನ್ನು ಒತ್ತಿ ತೆಗೆಯುವ ತಾಕತ್ತು ಇವಕ್ಕೆ ಇದೆ.

ಫೋಟೊದಲ್ಲಿ ಇದನ್ನು ಗುರುತಿಸುವುದು ಸುಲಭ. ಹೆಣ್ಣು ಪರಾಗ ಹೊರುವುದು ಕಾಲಲ್ಲಿ ಅಲ್ಲ, ಹೊಟ್ಟೆ ಅಡಿಯಲ್ಲಿ. ಪಕ್ಕದಿಂದ ತೆಗೆದರೆ ಹೊಟ್ಟೆಗೆ ಅರಿಶಿನ ಬಳಿದ ಹಾಗೆ ಕಾಣುತ್ತದೆ. ನೀಲಿಪಟ್ಟೆ ಹೊರುವುದು ಹಿಂಗಾಲಿನ ರೋಮದಲ್ಲಿ. ಅದಕ್ಕೇ ಯಾವಾಗಲೂ ಹೇಳುತ್ತೇನೆ, ಚಂದಕ್ಕೆ ಒಂದು ಮುಖದ ಫೋಟೊ ತೆಗೆಯಿರಿ, ಗುರುತಿಗೆ ಒಂದು ಪಕ್ಕದಿಂದ, ಒಂದು ಮೇಲಿನಿಂದ ರೆಕ್ಕೆಯ ನರ ಕಾಣುವ ಹಾಗೆ. ಜೀವಿಗಳ ಫೋಟೊ ಹಾಕಿ ಗುರುತು ಕೇಳುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಹಾಕಿದಾಗ ಬರೀ ಮುಖ ನೋಡಿ ಯಾರೂ ಏನೂ ಹೇಳಲು ಆಗುವುದಿಲ್ಲ.

ಫುಲ್‌ಫ್ರೇಮ್

ಫ್ರಿಜ್ಜಿನ ವಿಷಯಕ್ಕೆ ಎಲ್ಲರೂ ನನ್ನ ಮೇಲೆ ಬೀಳುವ ಮುಂಚೆ ಹೇಳಿಬಿಡುತ್ತೇನೆ, ನಾನು ಎರಡೇ ಸಲ ಮಾಡಿದ್ದು. ಒಂದು ಹಾರಿಹೋಯಿತು. ಇನ್ನೊಂದು ಹಾರಲಿಲ್ಲ. ಆಮೇಲೆ ಮಾಡಿಲ್ಲ. ಬೇರೆಯವರು ಮಾಡುತ್ತಾರೆ ಅಂದೆ ಅಷ್ಟೇ.

ಟೊಮ್ಯಾಟೊಸಾಲು, ಶ್ರೀನಿವಾಸಪುರ

ನಾನು ಫೋಟೊದವನಲ್ಲ, ಸುಮ್ನೆ ಓದುತ್ತಿದ್ದೆ. ಈ ನೀಲಿಪಟ್ಟೆ ನಮ್ಮ ಟೊಮ್ಯಾಟೊ ಸಾಲಿಗೂ ಬರುತ್ತದೆ. ಹೂವಿಗೆ ನೇತುಹಾಕಿಕೊಂಡು ಜ್ಝೀ ಅಂತ ಒಂದು ಸದ್ದು ಮಾಡುತ್ತದೆ, ಹಾರುವಾಗಿನ ಸದ್ದೇ ಬೇರೆ, ಇದೇ ಬೇರೆ. ಯಾಕೆ?

ಹುಳದಕ್ಕ

ಅಣ್ಣ, ಒಳ್ಳೇ ಕಿವಿ ನಿಮ್ಮದು. ಟೊಮ್ಯಾಟೊ ಹೂವಿನ ನಡುವೆ ಹಳದಿ ಕೊಳವೆ ಇರುತ್ತದಲ್ಲ, ಪರಾಗ ಅದರೊಳಗೆ ಇರುತ್ತದೆ. ತುದಿಯಲ್ಲಿ ಸಣ್ಣ ಕಂಡಿ. ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಈ ಜೇನು ರೆಕ್ಕೆ ಮಡಚಿಕೊಂಡು ರೆಕ್ಕೆಯ ಸ್ನಾಯುಗಳನ್ನು ನಡುಗಿಸುತ್ತದೆ, ಆ ನಡುಕವೇ ನೀವು ಕೇಳಿದ ಜ್ಝೀ. ಆಸ್ಟ್ರೇಲಿಯಾದಲ್ಲಿ ಇದೇ ಕುಲದ ಒಂದು ಜಾತಿಯನ್ನು ಟೊಮ್ಯಾಟೊ ಹೂವಿನ ಮೇಲೆ ಚಿತ್ರ ಹಿಡಿದು ನೋಡಿದಾಗ ಅದು ತಲೆಯಿಂದ ಕುಟ್ಟುತ್ತಿತ್ತು, ಸೆಕೆಂಡಿಗೆ ಸುಮಾರು 350 ಸಲ. ತುಡುವೆ, ಹೆಜ್ಜೇನಿಗೆ ಈ ವಿದ್ಯೆ ಬರುವುದಿಲ್ಲ. ಬದನೆಗೂ ಹೀಗೇ. ತಂಗಡಿ ಹೂವಿಗೆ ದುಂಬಿ ಬಂದು ಗುಯ್ಯೆನ್ನುವುದೂ ಇದೇ ಕಾರಣಕ್ಕೆ. ಟೊಮ್ಯಾಟೊ ಗಾಳಿಗೂ ಕಾಯಿ ಕಟ್ಟುತ್ತದೆ ನಿಜ, ಆದರೆ ಹೀಗೆ ನಡುಗಿಸಿದ ಹೂವಿನಲ್ಲಿ ಕಾಯಿ ಚೆನ್ನಾಗಿ ತುಂಬುತ್ತದೆ.

ಟೊಮ್ಯಾಟೊಸಾಲು

ಅಯ್ಯೋ ದೇವ್ರೇ. ನಾವು ಬೆಳಿಗ್ಗೆ ಹತ್ತಕ್ಕೇ ಔಷಧಿ ಹೊಡೆಯುವುದು. ಆಳು ಸಿಗುವುದು ಆವಾಗಲೇ.

ಹುಳದಕ್ಕ

ಹೊಡೆಯಲೇಬೇಕು ಅಂದರೆ ಹೊತ್ತು ಮುಳುಗಿದ ಮೇಲೆ ಹೊಡೆಯಿರಿ. ಹೂವಿಗೆ ಬರುವುದು ನಿಂತಿರುತ್ತದೆ. ಬದುವಿನ ಒಣ ಕಡ್ಡಿಗಳಿಗೆ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ, ಗಂಡುಗಳು ಅಲ್ಲಿ ಮಲಗಿರಬಹುದು.

ತುಂಬೆಗಿಡ

ಸಿಕ್ಕಿತು!!!

ನಿನ್ನೆ ಸಂಜೆ ಕೊಟ್ಟಿಗೆ ಹಿಂದೆ ಹೋಗಿ ಕೂತೆ. 5:50ಕ್ಕೆ ಒಂದು ಬಂತು. ಒಣಗಿದ ಕಾಮಕಸ್ತೂರಿ ಕಡ್ಡಿ ಸುತ್ತ ನಾಲ್ಕು ಸುತ್ತು ಹಾಕಿತು, ಕೂತಿತು, ಎದ್ದಿತು, ಮತ್ತೆ ಕೂತಿತು. ಹಾಸಿಗೆ ಸರಿಮಾಡಿಕೊಳ್ಳುವ ಹಾಗೆ. ಆಮೇಲೆ ಕಡ್ಡಿಯನ್ನು ಕಚ್ಚಿ ಕಾಲೆಲ್ಲ ಒಳಗೆಳೆದುಕೊಂಡು ಅಡ್ಡಡ್ಡ ನಿಂತುಬಿಟ್ಟಿತು. ಬರೀ ಹಲ್ಲಿನ ಮೇಲೆ! ಆರೂಕಾಲಿನ ಹೊತ್ತಿಗೆ ನಾಲ್ಕು ಆದವು. ಎರಡಕ್ಕೆ ಒಂದೇ ಜಾಗ ಬೇಕು ಅಂತ ತಳ್ಳಾಟ ಬೇರೆ.

ಇವತ್ತು ಬೆಳಿಗ್ಗೆ ಐದೂಮುಕ್ಕಾಲಿಗೆ ಎದ್ದು ಹೋದೆ. ಹಾಗೇ ಇದ್ದವು. ರೋಮದ ತುದಿ ತುದಿಗೆ ಇಬ್ಬನಿ ಹನಿ, ಸಾಸಿವೆಗಿಂತ ಸಣ್ಣವು. ಕಣ್ಣು ಹಸಿರಾ ಬೂದಿಯಾ ಹೇಳಲು ಆಗದ ಬಣ್ಣ. ಪಟ್ಟೆ ನೀಲಿ ಅಂದುಕೊಂಡಿದ್ದೆ, ಹತ್ತಿರದಿಂದ ನೋಡಿದರೆ ಅದೂ ರೋಮವೇ, ಚಪ್ಪಟೆಯಾಗಿ ಬಾಚಿ ಮಲಗಿಸಿದ ಹಾಗಿದೆ. ಕ್ಯಾಮೆರಾ ಹಿಡಿಯುವುದನ್ನು ಮರೆತು ಸುಮ್ನೆ ನೋಡುತ್ತಾ ಕೂತಿದ್ದೆ.

ಫೋಟೊ ಮಾತ್ರ ಅಷ್ಟಕ್ಕಷ್ಟೆ. ಬೆಳಕು ಕಮ್ಮಿ, ಎಫ್ 11 ಇಟ್ಟರೆ ಶಟರ್ ಅರ್ಧ ಸೆಕೆಂಡು ಕೇಳುತ್ತದೆ, ಕಡ್ಡಿ ಅಲ್ಲಾಡುತ್ತದೆ. ಕ್ಯಾಮೆರಾದ ಮೇಲಿನ ಫ್ಲ್ಯಾಶ್ ಹಾಕಿದರೆ ಕಣ್ಣಲ್ಲಿ ಬಿಳಿ ಚುಕ್ಕೆ, ಹಿಂದೆಲ್ಲ ಕಪ್ಪು, ಲೆನ್ಸಿನ ನೆರಳು ಬೇರೆ.

ಬೆಟ್ಟದಬುಡ

ಭಲೇ! ಇನ್ನು ಮುಂದಿನದು ಸುಲಭ.

ಗಾಳಿಗೆ ಔಷಧಿ: ಒಂದು ಗಟ್ಟಿ ಕೋಲನ್ನು ಸ್ವಲ್ಪ ದೂರದಲ್ಲಿ ನೆಲಕ್ಕೆ ಚುಚ್ಚಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಜೇನಿನ ಕಡ್ಡಿಯನ್ನು ಬುಡದ ಹತ್ತಿರ ಕೋಲಿಗೆ ಸೇರಿಸಿ ಹಿಡಿಸಿ. ಜೇನಿನಿಂದ ಒಂದು ಗೇಣಾದರೂ ಕೆಳಗೆ ಇರಲಿ. ಕಡ್ಡಿ ಮುರಿಯಬೇಡಿ, ಮನೆಗೆ ತರಬೇಡಿ, ಸಂಜೆ ಅವು ಮತ್ತೆ ಅಲ್ಲಿಗೇ ಬರುತ್ತವೆ.

ಕ್ಯಾಮೆರಾ ಇಡಲು ಟ್ರೈಪಾಡ್ ಬೇಡ, ಅಷ್ಟು ಕೆಳಗೆ ಅದು ಬರುವುದಿಲ್ಲ. ಹಳೇ ದಿಂಬಿನ ಕವರಿಗೆ ಎರಡು ಸೇರು ರಾಗಿ ತುಂಬಿ ಕಟ್ಟಿ. ಬಕೆಟ್ ಬೋರಲು ಹಾಕಿ ಅದರ ಮೇಲೆ ರಾಗಿ ಮೂಟೆ, ಅದರ ಮೇಲೆ ಕ್ಯಾಮೆರಾ. ಎಲ್ಲಿ ಒತ್ತಿದರೆ ಅಲ್ಲಿ ಕೂರುತ್ತದೆ. ಎರಡು ಸೆಕೆಂಡ್ ಟೈಮರ್ ಹಾಕಿ ಕೈ ತೆಗೆದುಬಿಡಿ.

ಒಂದೇ ಫ್ರೇಮಿನಲ್ಲಿ ಇಡೀ ಜೇನು ಚೂಪಾಗಬೇಕು ಅಂದರೆ ಆಗುವುದಿಲ್ಲ. ಎಫ್ 5.6 ಇಡಿ, ಹತ್ತಿರದ ಮೀಸೆಯಿಂದ ಶುರು ಮಾಡಿ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ ಒಂದೊಂದು ಫ್ರೇಮ್, ಹಿಂದಿನ ರೆಕ್ಕೆ ತನಕ ಹದಿನೈದು ಇಪ್ಪತ್ತು. ಫ್ರೇಮ್ ಜೋಡಿಸುವ ಸಾಫ್ಟ್‌ವೇರ್ ಹೆಲಿಕಾನ್ ಅಥವಾ ಜೆರೀನ್‌ನಲ್ಲಿ ಜೋಡಿಸಿ. ನಡುವೆ ಜೇನು ಮೀಸೆ ಅಲ್ಲಾಡಿಸಿದರೆ ಎರಡು ಮೀಸೆಯ ಜಾಗದಲ್ಲಿ ನಾಲ್ಕು ಬರುತ್ತವೆ, ಆಗ ಮೊದಲಿಂದ ಶುರು.

ಹಗಲು ಹಾರುವಾಗ ತೆಗೆಯಲು ಫ್ಲ್ಯಾಶ್ ಬೇಕೇ ಬೇಕು. ಶಟರ್ 1/200 ಸೆಕೆಂಡು, ಸೆನ್ಸರ್ ಬೆಳಕು ಹೀರುವ ಚುರುಕು ಅಂದರೆ ಐಎಸ್‌ಒ 200, ಫ್ಲ್ಯಾಶ್ ಕಮ್ಮಿ ಪವರಿಗೆ. ಕಮ್ಮಿ ಪವರಿನಲ್ಲಿ ಅದು ಮಿಂಚುವ ಹೊತ್ತು ಸೆಕೆಂಡಿನ ಸಾವಿರಾರು ಭಾಗದಲ್ಲಿ ಒಂದು, ರೆಕ್ಕೆ ಕೂಡ ನಿಲ್ಲುತ್ತದೆ. ಆದರೆ ಬೆಳಕನ್ನು ಹರಡಬೇಕು. ನಾನು ಟಿವಿ ಡಬ್ಬದಲ್ಲಿ ಬಂದ ಬಿಳಿ ಫೋಮ್ ಹಾಳೆಯನ್ನು ಬಗ್ಗಿಸಿ ಫ್ಲ್ಯಾಶಿನಿಂದ ಲೆನ್ಸಿನ ತುದಿವರೆಗೆ ಸೂರಿನ ಹಾಗೆ ಕಟ್ಟಿದ್ದೇನೆ, ರಬ್ಬರ್ ಬ್ಯಾಂಡ್ ಹಾಕಿ. ನೋಡಿದವರು ಮಜ್ಜಿಗೆ ಮಾರುವವನಾ ಅಂತಾರೆ. ಕಣ್ಣಲ್ಲಿ ಬಿಳಿ ಚುಕ್ಕೆ ಹೋಗಿ ಮೆತ್ತನೆ ಬೆಳಕಿನ ಕಿಟಕಿ ಬರುತ್ತದೆ.

ನಂದಿಮಂಜು, ಚಿಕ್ಕಬಳ್ಳಾಪುರ

ನನಗೆ ಫ್ಲ್ಯಾಶ್ ಫೋಟೊ ಹಿಡಿಸುವುದಿಲ್ಲ. ಎಲ್ಲ ಜೇನೂ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಂಡ ಹಾಗೆ ಕಾಣುತ್ತದೆ. ಬೆಳಗಿನ ಬೆಳಕು ಹಿಂದಿನಿಂದ ಬಂದು ರೋಮದ ಅಂಚು ಹೊಳೆಯುವುದು ಫ್ಲ್ಯಾಶಿನಲ್ಲಿ ಎಲ್ಲಿ ಬರುತ್ತದೆ?

ಬೆಟ್ಟದಬುಡ

ಬರುವುದಿಲ್ಲ, ಒಪ್ಪಿದೆ. ಆದರೆ ನಿಮ್ಮ ಬೆಳಗಿನ ಬೆಳಕಿಗೆ ಹಾರುವ ಜೇನು ನಿಲ್ಲುತ್ತದಾ?

ನಂದಿಮಂಜು

ನಿಲ್ಲುವುದಿಲ್ಲ. ನಾನು ಹಾರುವುದನ್ನು ತೆಗೆಯುವುದೇ ಇಲ್ಲ. ಅವರೆ ಹೂವಿಗೆ ಬರುವ ದುಂಬಿ ಒಂದು ಗಳಿಗೆ ಹೂವಿನ ಮೇಲೆ ಭಾರ ಹಾಕಿ ಕೂರುತ್ತದೆ, ಆಗ ತೆಗೆದರೆ ಆಯಿತು. ಕರಿ ದುಂಬಿಗೆ ಒಂದು ಮಾತು, ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧ ಮಾಡಿ, ಆಗ ಕಪ್ಪು ಕಪ್ಪಾಗಿಯೇ ಇದ್ದು ರೆಕ್ಕೆಯಲ್ಲಿ ನೇರಳೆ ಮಿಂಚು ಬರುತ್ತದೆ.

ಇನ್ನೊಂದು, ಇದು ಬೆಟ್ಟ ಸುತ್ತುವ ಎಲ್ಲರಿಗೂ. ಒಂಟಿ ಜೇನು ಕಚ್ಚುವುದಿಲ್ಲ ಅನ್ನುವ ಧೈರ್ಯದಲ್ಲಿ ಬಂಡೆ ಹತ್ತಿರ ಹೋಗಬೇಡಿ. ಗಂಡಿಗೆ ಕೊಂಡಿಯೇ ಇಲ್ಲ, ಹೆಣ್ಣು ಕೈಯಲ್ಲಿ ಹಿಚುಕಿದರೆ ಮಾತ್ರ ಚುಚ್ಚುತ್ತದೆ, ಸರಿ. ಆದರೆ ನಮ್ಮ ಕಡೆ ಬಂಡೆಗಳಲ್ಲಿ ಹೆಜ್ಜೇನು ಗೂಡು ಇರುತ್ತವೆ. ಅವು ಬೇರೆ ಲೆಕ್ಕ. ಹೋದ ವರ್ಷ ನಾನು ಬಂಡೆ ಬುಡದಲ್ಲಿ ಬಗ್ಗಿ ಒಂದು ಸಣ್ಣ ಜೇನಿನ ಫೋಟೊ ತೆಗೆಯುತ್ತಾ ತಲೆ ಮೇಲೆ ಏನಿದೆ ನೋಡಲಿಲ್ಲ. ಹದಿಮೂರು ಕಡೆ ಚುಚ್ಚಿಸಿಕೊಂಡು ಓಡಿದೆ. ಕ್ಯಾಮೆರಾ ಮರುದಿನ ಹೋಗಿ ತಂದೆ. ಸೆಂಟು ಹಾಕಿಕೊಂಡು ಹೋಗಬೇಡಿ, ಮೊದಲು ಮೇಲೆ ನೋಡಿ.

ತುಂಬೆಗಿಡ

ಎಲ್ಲರಿಗೂ ಥ್ಯಾಂಕ್ಸ್. ರಾಗಿ ಮೂಟೆ ಸೂಪರ್. ಅಜ್ಜಿ "ಹುಳಕ್ಕೆ ರಾಗಿ ಯಾಕೋ" ಅಂತ ಕೇಳಿ, ಫೋಟೊ ಮುಗಿದ ಮೇಲೆ ಅದೇ ರಾಗಿ ಮಿಲ್ಲಿಗೆ ಹಾಕಿಸಿದರು.

ನಾಲ್ಕು ದಿನ ಬೆಳಿಗ್ಗೆ ಹೋದೆ. ಮೂರನೇ ದಿನ 18 ಫ್ರೇಮ್ ತೆಗೆಯುವವರೆಗೂ ಒಂದು ಗಂಡು ಮೀಸೆ ಅಲ್ಲಾಡಿಸಲಿಲ್ಲ. ಜೋಡಿಸಿದ ಚಿತ್ರ ಹಾಕಿದ್ದೇನೆ. ಕಡ್ಡಿ ಕಚ್ಚಿದ ಹಲ್ಲು, ಮುಖದ ಹಳದಿ ಗುರುತು, ಹಿಂದಿನ ಪಟ್ಟೆ, ಎಲ್ಲ ಬಂದಿದೆ. ಏಳೂಮುಕ್ಕಾಲಿಗೆ ಬಿಸಿಲು ತಾಗಿತು. ಮೊದಲು ಹೊಟ್ಟೆ ಉಸಿರಾಡುವ ಹಾಗೆ ಹಿಂದೆ ಮುಂದೆ ಆಡಿತು, ಆಮೇಲೆ ಮುಂಗಾಲಿನಿಂದ ಮೀಸೆ ಒರೆಸಿಕೊಂಡು, ಕಡ್ಡಿ ಬಿಟ್ಟು ಹಾರಿತು.

ಗೋಡೆಯ ವಿಷಯ ಮಾತ್ರ ಹಾಗೇ ಇದೆ. ಹಬ್ಬಕ್ಕೆ ಇನ್ನು ಐದು ದಿನ.

ಹುಳದಕ್ಕ

ಎಂಥಾ ಚಂದದ ಫೋಟೊ. ಪಕ್ಕದಿಂದ ತೆಗೆದಿದ್ದೂ ಇದ್ದರೆ ಹಾಕಿ.

ಗೋಡೆ ಪೂರ್ತಿ ಬಿಡಿ ಅಂದರೆ ಅಜ್ಜಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ತೂತು ಇರುವ ಬುಡದ ಭಾಗ ಮಾತ್ರ ಬಿಟ್ಟು ಮೇಲಕ್ಕೆ ಸಾರಿಸಲಿ. ಒಳಗೆ ಬಿಲದ ಕೊನೆಯಲ್ಲಿ ಸಣ್ಣ ಸಣ್ಣ ಕುಡಿಕೆ ಹಾಗೆ ಕೋಣೆ ಇರುತ್ತವೆ, ನೀರಿಳಿಯದ ಹಾಗೆ ಒಳಗೆ ಮೇಣದಂಥದ್ದು ಬಳಿದಿರುತ್ತದೆ, ಒಂದೊಂದರಲ್ಲಿ ಒಂದೊಂದು ಮರಿ. ದಪ್ಪಗೆ ಮೆತ್ತಿದರೆ ಅವು ಹೊರಗೆ ಬರಲು ಕಷ್ಟ. ಜೇನು ಜಾತಿಗಳಲ್ಲಿ ಹೆಚ್ಚಿನವು ನೆಲದಲ್ಲಿ ಬಿಲ ತೋಡುವಂಥವೇ. ಈ ನೀಲಿಪಟ್ಟೆಗೆ ಮಣ್ಣಿನ ಗೋಡೆ ಅಂದರೆ ಇನ್ನೂ ಇಷ್ಟ. ಸಿಮೆಂಟ್ ಗೋಡೆ ಬಂದ ಮೇಲೆ ಅದಕ್ಕೆ ಜಾಗವೇ ಕಮ್ಮಿಯಾಗಿದೆ.

ಟೊಮ್ಯಾಟೊಸಾಲು

ನಮ್ಮ ಹಳೇ ಮನೆ ಗೋಡೆಯಲ್ಲೂ ಇದ್ದವು. ಆರು ವರ್ಷದ ಹಿಂದೆ ಕೆಡವಿ ಕಟ್ಟಿದೆವು. ಈಗ ಔಷಧಿ ಸಂಜೆಗೆ ಬದಲಾಯಿಸಿದ್ದೇನೆ. ಆಳಿಗೆ ಐವತ್ತು ರೂಪಾಯಿ ಜಾಸ್ತಿ.

ತುಂಬೆಗಿಡ

ಅಪ್‌ಡೇಟ್. ಅಜ್ಜಿಗೆ ಫೋನಿನಲ್ಲಿ ಫೋಟೊ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಬಾಯಲ್ಲಿ ಕಚ್ಕೊಂಡು ಮಲಗ್ತದಾ ಪಾಪ" ಅಂದರು, ಅಷ್ಟೇ. ಇವತ್ತು ಸಾರಿಸಿದರು. ಮೇಲಿನಿಂದ ಮೊಣಕಾಲಿನವರೆಗೆ. ಕೆಳಗಿನ ಎರಡು ಗೇಣು ಹಾಗೇ ಬಿಟ್ಟು, ಅದರ ಅಂಚಿಗೆ ಕೆಮ್ಮಣ್ಣಿನ ಗೆರೆ ಎಳೆದಿದ್ದಾರೆ. ನೋಡಿದವರು ಹಾಗೇ ಡಿಸೈನು ಅಂದುಕೊಳ್ಳಬೇಕು.

ಒಂದು ಪ್ರಶ್ನೆ ಉಳಿದಿದೆ. ಇವತ್ತು ಗೋಡೆ ಹತ್ತಿರ ಬೇರೆ ಒಂದು ಬಂದಿತ್ತು. ಕಪ್ಪು ಮೈ, ಪಟ್ಟೆ ಇಲ್ಲ, ಬದಲಿಗೆ ನೀಲಿ ಚುಕ್ಕೆಗಳು, ತುಂಬಾ ಚೆಂದ. ಸದ್ದಿಲ್ಲದೆ ತೂತಿನ ಮುಂದೆ ಸುಳಿದಾಡುತ್ತಿತ್ತು. ಹೆಣ್ಣು ಹೊರಗೆ ಹೋದ ಕೂಡಲೇ ಒಳಗೆ ನುಗ್ಗಿತು. ಇದು ಅದರ ಗಂಡಾ?

ಹುಳದಕ್ಕ

ಗಂಡಲ್ಲ, ಕಳ್ಳಿ! ಥೈರಿಯಸ್ ಅನ್ನುವ ಬೇರೆ ಕುಲದ ಜೇನು ಅದು. ಕೋಗಿಲೆ ಕಾಗೆ ಗೂಡಲ್ಲಿ ಮೊಟ್ಟೆ ಇಟ್ಟ ಹಾಗೆ ಇದು ನೀಲಿಪಟ್ಟೆಯ ಬಿಲದಲ್ಲಿ ಮೊಟ್ಟೆ ಇಡುತ್ತದೆ. ಇದರ ಮರಿ ಆ ಪರಾಗದ ಉಂಡೆ ತಿಂದು ಬೆಳೆಯುತ್ತದೆ. ಫೋಟೊದಲ್ಲಿ ಕಾಲು ನೋಡಿ, ಪರಾಗ ಹೊರುವ ರೋಮವೇ ಇಲ್ಲ. ತಾನು ದುಡಿಯುವ ಅಗತ್ಯ ಇಲ್ಲವಲ್ಲ. ನಿಮ್ಮ ಗೋಡೆಗೆ ಇದು ಬಂದಿದೆ ಅಂದರೆ ನೀಲಿಪಟ್ಟೆ ಸಂಸಾರ ಚೆನ್ನಾಗಿಯೇ ಇದೆ ಅಂತ ಲೆಕ್ಕ.

ತುಂಬೆಗಿಡ

ಅಯ್ಯೋ ಅಕ್ಕ, ಇದನ್ನು ಅಜ್ಜಿಗೆ ಓದಿ ಹೇಳಿದ್ದೇ ತಪ್ಪಾಯಿತು. ಈಗ ಪೊರಕೆ ಹಿಡಿದುಕೊಂಡು ಕೊಟ್ಟಿಗೆ ಮುಂದೆ ಕೂತಿದ್ದಾರೆ.

ಹುಳದಕ್ಕ

ಓಡಿಸಬೇಡಿ ಅಂತ ಹೇಳಿ! ಅದೂ ಒಂಟಿ ಜೇನೇ, ಅದೂ ಬದುಕಬೇಕು.

ತುಂಬೆಗಿಡ

ನೀವೇ ಬಂದು ಹೇಳಿ.